ರೊಮೇನಿಯಾದ ಕವಿತೆ, ಹೂಸ್ಟನ್ನಿನ ಅಡುಗೆಮನೆ

ನಾನು ರೊಮೇನಿಯನ್ ಕವಿತೆಗಳನ್ನು ಅನುವಾದ ಮಾಡುತ್ತಿದ್ದೆ ಎಂದರೆ ಡಾಲಸ್ ಪಕ್ಕದ ಫ್ರಿಸ್ಕೋದ ಹುಟ್ಟುಹಬ್ಬದ ಪಾರ್ಟಿಗಳಲ್ಲಿ ಎರಡು ಪ್ರಶ್ನೆ ಗ್ಯಾರಂಟಿ. ಮೊದಲನೆಯದು, "ಹಾಗಾದ್ರೆ ಪೋಪ್‌ನ ನೋಡಿದೀರಾ ಆಂಟಿ?" ರೋಮ್ ಬೇರೆ, ರೊಮೇನಿಯಾ ಬೇರೆ ಎಂದು ತಿಳಿಸಿ ಹೇಳಿದ ಮೇಲೆ ಎರಡನೆಯದು, "ಅದ್ರಲ್ಲೆಲ್ಲ ಜಾಬ್ ಇರತ್ತಾ?" ಇತ್ತು ಕಣಮ್ಮಾ. ಆಸ್ಟಿನ್ನಿನ ಒಂದು ಸಣ್ಣ ಪ್ರಕಾಶನ ಸಂಸ್ಥೆಯಲ್ಲಿ ಪೂರ್ವ ಯೂರೋಪಿನ ಕಾವ್ಯದ ಮೂಲೆಯೊಂದಿತ್ತು. ಆ ಮೂಲೆಯಲ್ಲಿ ನಾನಿದ್ದೆ. ಪಕ್ಕದೂರು ಫ್ಲೂಗರ್‌ವಿಲ್‌ನಿಂದ ದಿನಾ ಡ್ರೈವ್ ಮಾಡಿಕೊಂಡು ಹೋಗಿ, ಬುಖಾರೆಸ್ಟ್‌ನ ಹುಡುಗಿಯರು ಯಾರ ಮೇಲೆ ಸಿಟ್ಟಾಗಿದ್ದಾರೆ ಎಂದು ಇಂಗ್ಲಿಷಿನಲ್ಲಿ ಬರೆದು ಸಂಜೆ ಮನೆಗೆ ಬರುತ್ತಿದ್ದೆ. ನಿವೃತ್ತಿಯಾದ ಮೇಲೆ ಮಗಳಿಗೆ ಹತ್ತಿರವಾಗಲಿ ಎಂದು ಫ್ರಿಸ್ಕೋಗೆ ಬಂದೆವು. ಈಚೆಗೆ ಇಬ್ಬರು ಹುಡುಗಿಯರು ಬಂದು, "ಆಂಟಿ, ನಾವೂ ಟ್ರಾನ್ಸ್‌ಲೇಷನ್‌ಗೆ ಬರ್ಬೇಕು ಅಂತಿದೀವಿ, ಏನಾದ್ರೂ ಟಿಪ್ಸ್ ಕೊಡಿ" ಎಂದರು. ಟಿಪ್ಸ್ ಅಂತ ಕೊಡುವಂಥದ್ದೇನೂ ನನ್ನಲ್ಲಿಲ್ಲ. ನಡೆದದ್ದನ್ನು ಹೇಳುತ್ತೇನೆ, ಬೇಕಾದ್ದನ್ನು ಆರಿಸಿಕೊಳ್ಳಿ.

ಈ ಕೆಲಸಕ್ಕೆ ನಾನು ಬಂದದ್ದು ಬದನೆಕಾಯಿಯಿಂದ. ನಗಬೇಡಿ. ಮದುವೆಯಾಗಿ ಮೈಸೂರಿನಿಂದ ಹೂಸ್ಟನ್ನಿಗೆ ಬಂದಾಗ ಯಜಮಾನರಿಗೆ ಎನರ್ಜಿ ಕಾರಿಡಾರ್ ಎಂಬ ಬಡಾವಣೆಯ ತೈಲ ಕಂಪನಿಯೊಂದರಲ್ಲಿ ಕೆಲಸ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಇಂಗ್ಲಿಷ್ ಎಂ.ಎ. ಮಾಡಿಕೊಂಡವಳು ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಸಂಡಿಗೆ ಒಣಗಿಸುತ್ತಾ ಕೂತಿದ್ದೆ. ಒಂದು ಮಧ್ಯಾಹ್ನ ಪಕ್ಕದ ಮನೆಯಿಂದ ಬದನೆಕಾಯಿ ಸುಡುವ ವಾಸನೆ ಬಂತು. ಅಯ್ಯೋ, ಇಲ್ಲಿ ಯಾರಪ್ಪಾ ಗೊಜ್ಜು ಮಾಡುವವರು ಎಂದು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಬಾಗಿಲು ತೆಗೆದವರು ತಲೆಗೆ ಬಟ್ಟೆ ಕಟ್ಟಿಕೊಂಡಿದ್ದ ಒಬ್ಬ ರೊಮೇನಿಯನ್ ಅಜ್ಜಿ. ಮಗ ಅದೇ ತೈಲದ ಕೆಲಸಕ್ಕೆ ಬಂದವನು, ಅಜ್ಜಿ ಮಗನ ಹಿಂದೆ ಬಂದವರು. ಅವರೂ ನಮ್ಮ ಹಾಗೇ ಬದನೆಕಾಯಿಯನ್ನು ಇಡಿಯಾಗಿ ಸುಟ್ಟು, ಸಿಪ್ಪೆ ತೆಗೆದು, ಕಿವುಚಿ, ಹಸಿ ಈರುಳ್ಳಿ ಹಾಕುತ್ತಾರೆ. ಒಗ್ಗರಣೆ ಒಂದಿಲ್ಲ. ಅದನ್ನು ನಾನು ಹಾಕಿಕೊಟ್ಟೆ. ಅವರು ನನಗೆ ಭಾಷೆ ಕಲಿಸಿದರು.

ಅಜ್ಜಿಗೆ ಕಣ್ಣು ಮಂಜು. ಊರಿನಿಂದ ಬರುತ್ತಿದ್ದ ಪತ್ರಿಕೆಗಳನ್ನು ನನ್ನ ಕೈಯಲ್ಲಿ ಓದಿಸುತ್ತಾ ತಾವು ಅಡುಗೆ ಮಾಡುತ್ತಿದ್ದರು. ಉಚ್ಚಾರ ತಪ್ಪಿದರೆ ಸೌಟಿನಿಂದ ಮೇಜು ಕುಟ್ಟುತ್ತಿದ್ದರು. ಒಂದು ದಿನ ಯಾರೋ ಹೊಸ ಹುಡುಗಿಯ ಕವಿತೆ ಓದುತ್ತಿದ್ದೆ. ಸಿಪ್ಪೆ ಬಿಡಿಸುತ್ತಿದ್ದ ಅಜ್ಜಿಯ ಕೈ ನಿಂತುಬಿಟ್ಟಿತು. "ಈ ಹುಡುಗಿ ಬರೀತಾಳೆ ನೋಡು," ಎಂದರು. "ಸುಮ್ನೆ ಚೆಂದಕ್ಕೆ ಬರ್ದಿದ್ರೆ ಕೈ ಪಾಡಿಗೆ ಕೈ ಓಡ್ತಿರತ್ತೆ. ಮಾತು ಒಳಗೆ ಬಿತ್ತು ಅಂದ್ರೆ ನಿಲ್ಲತ್ತೆ."

ಮುಂದೆ ವೀಸಾ ಬದಲಾಗಿ, ನಾನು ಓದು ಮುಂದುವರಿಸಿ, ಆಸ್ಟಿನ್ನಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅದನ್ನೇ ನನ್ನ ಪದ್ಧತಿ ಮಾಡಿಕೊಂಡೆ. ಅನುವಾದ ಮುಗಿದ ಮೇಲೆ ಅದನ್ನು ನೋಡಿ ಮೆಚ್ಚಿಕೊಳ್ಳುತ್ತಾ ಕೂರಬಾರದು. ಕೈತುಂಬ ಕೆಲಸ ಇಟ್ಟುಕೊಂಡವರ ಮುಂದೆ ಜೋರಾಗಿ ಓದಬೇಕು. ಸಾಹಿತಿಗಳ ಮುಂದೆ ಬೇಡವೇ ಬೇಡ, ಅವರು ಗಲ್ಲಕ್ಕೆ ಕೈ ಕೊಟ್ಟು ತಲೆದೂಗಿಬಿಡುತ್ತಾರೆ. ನಮ್ಮ ಯಜಮಾನರು ಬಟ್ಟೆ ಮಡಿಸುತ್ತಾ ಎಷ್ಟೋ ಪುಸ್ತಕಗಳನ್ನು ಕೇಳಿದ್ದಾರೆ. ಪಾಪ, ಅವರ ಕೈ ನಿಲ್ಲುತ್ತಿದ್ದದ್ದು ಹೆಚ್ಚಾಗಿ ಕಾಲುಚೀಲದ ಜೊತೆ ಸಿಗದೇ ಹೋದಾಗ.

ನನ್ನ ಮೊದಲ ಮೇಲಧಿಕಾರಿ ಒಬ್ಬ ಪ್ರೊಫೆಸರ್. ಬಹಳ ಒಳ್ಳೆಯ ಮನುಷ್ಯ, ಯಾರ ಮನಸ್ಸನ್ನೂ ನೋಯಿಸಿದವರಲ್ಲ, ಕವಿತೆಗಳ ಮೈಯನ್ನು ಮಾತ್ರ ನೋಯಿಸುತ್ತಿದ್ದರು. ಹೆಂಗಸರು ಬರೆದದ್ದು ಎಂದ ಕೂಡಲೇ ಅವರ ಪೆನ್ಸಿಲ್ ಮೃದುವಾಗುತ್ತಿತ್ತು. ಒಂದು ಕವಿತೆಯಲ್ಲಿ ಹೆಂಗಸೊಬ್ಬಳು ರಾತ್ರಿ ಊಟವಾದ ಮೇಲೆ ಸಿಂಕಿನ ಮುಂದೆ ನಿಂತು, ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಮುಷ್ಟಿಯಲ್ಲಿ ಹಿಡಿದು ಗಂಡನ ಭಾಷಣ ಕೇಳಿಸಿಕೊಳ್ಳುತ್ತಾಳೆ. ನಾನು ಸ್ಟೀಲ್ ನಾರನ್ನೇ ಬರೆದಿದ್ದೆ. ಪುಸ್ತಕ ಅಚ್ಚಾಗಿ ಬಂದಾಗ ನೋಡಿದರೆ ಅದು 'ಬೆಳ್ಳಿಯ ದಾರ' ಆಗಿತ್ತು. "ಕೇಳೋಕೆ ಎಷ್ಟು ಹಿತವಾಗಿದೆ ನೋಡಿ," ಎಂದರು ಪ್ರೊಫೆಸರ್.

ಆ ಕವಯಿತ್ರಿ ಬುಖಾರೆಸ್ಟ್‌ನಿಂದ ಆಸ್ಟಿನ್ನಿಗೆ ಕವಿತೆ ಓದಲು ಬಂದಳು. ಮೊದಲು ತನ್ನ ಭಾಷೆಯಲ್ಲಿ ಓದಿದಳು, ಆಮೇಲೆ ಇಂಗ್ಲಿಷ್ ಪುಟ ತೆರೆದಳು. ಅರ್ಧಕ್ಕೆ ನಿಂತು ಸಭೆಯತ್ತ ನೋಡಿ ಕೇಳಿದಳು: "ಈ ಬೆಳ್ಳಿ ದಾರ ಯಾರ ಮನೇದು? ನನ್ನ ಸಿಂಕ್‌ನಲ್ಲಿ ನಾನಂತೂ ಇಟ್ಟಿಲ್ಲ!" ಸಭೆಯೆಲ್ಲ ನಕ್ಕಿತು. ಪ್ರೊಫೆಸರ್ ಕಿವಿಯವರೆಗೂ ಕೆಂಪಾದರು, ಆದರೆ ಎದ್ದು ನಿಂತು, "ನನ್ನದು, ಕ್ಷಮಿಸಿ" ಎಂದರು. ಅದಕ್ಕೇ ಅವರನ್ನು ಒಳ್ಳೆಯ ಮನುಷ್ಯ ಎಂದದ್ದು. ಅಂದಿನಿಂದ ನಮ್ಮ ಆಫೀಸಿನಲ್ಲಿ ಯಾರಾದರೂ ಕವಿತೆಗೆ ಇಲ್ಲದ ಒಡವೆ ತೊಡಿಸಿದರೆ ಅದಕ್ಕೆ ಬೆಳ್ಳಿ ದಾರ ಎಂದೇ ಹೆಸರಾಯಿತು.

ಈಗಿನ ರೊಮೇನಿಯನ್ ಹೆಣ್ಣುಮಕ್ಕಳ ಕವಿತೆಗೆ ಒಡವೆ ಒಗ್ಗುವುದಿಲ್ಲ. ಮುಟ್ಟು, ಹೆರಿಗೆ, ಎಲೆಕೋಸು, ಬಸ್ಸಿನಲ್ಲಿ ಮೈಗೆ ತಗಲುವ ಕೈ, ಸಭೆಯಲ್ಲಿ ಮಾತು ಕತ್ತರಿಸುವ ಗಂಡಸು, ಎಲ್ಲ ಹಾಗೇ ಹಸಿಹಸಿಯಾಗಿ ಬರುತ್ತದೆ. ಸ್ತ್ರೀವಾದ ಎಂಬ ಮಾತು ಕಂಡರೆ ಮಾತ್ರ ಅಲ್ಲಿನ ಹಳಬರು ಮೂಗು ಮುರಿಯುತ್ತಾರೆ. ಕಾರಣವಿದೆ. ಕಮ್ಯುನಿಸ್ಟ್ ಸರ್ವಾಧಿಕಾರಿಯ ಕಾಲದಲ್ಲಿ ಸಮಾನತೆ ಎಂದು ಗೋಡೆಗೋಡೆಯ ಮೇಲೆ ಬರೆದರು. ಹೆಂಗಸರಿಗೆ ಕಾರ್ಖಾನೆಯ ದುಡಿಮೆಯನ್ನೂ ಕೊಟ್ಟರು, ಮನೆಯ ದುಡಿಮೆಯನ್ನೂ ಬಿಡಲಿಲ್ಲ. ಅದರ ಮೇಲೆ ದೇಶಕ್ಕೆ ಮಕ್ಕಳು ಬೇಕು ಎಂದು ಗರ್ಭಪಾತವನ್ನು ನಿಷೇಧಿಸಿ, ಕಾರ್ಖಾನೆಗಳಿಗೇ ಡಾಕ್ಟರನ್ನು ಕಳಿಸಿ, ಯಾರು ಬಸುರಿ ಎಂದು ಹೆಂಗಸರನ್ನು ಸರತಿಯಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿಸಿದರು. ಅಂಥ ಸಮಾನತೆ ಉಂಡವರಿಗೆ ಆ ಪದ ಕೇಳಿದರೆ ಹೊಟ್ಟೆ ತೊಳಸುವುದು ಸಹಜ. ಅವರ ಹೆಣ್ಣುಮಕ್ಕಳು ಈಗ ಆ ಪದವನ್ನು ತೊಳೆದು ಮತ್ತೆ ಬಳಸುತ್ತಿದ್ದಾರೆ.

ಇದನ್ನೆಲ್ಲ ನಮ್ಮವರಿಗೂ ಕೇಳಿಸೋಣ ಎಂದು ಒಂದು ಸಲ ಉಮೇದು ಬಂತು. ಡಾಲಸ್ ಕಡೆಯ ಕನ್ನಡಿಗರು ಯುಗಾದಿಗೆ ಕವಿಗೋಷ್ಠಿ ಇಟ್ಟಿದ್ದರು. ಮಹಿಳಾ ಗೋಷ್ಠಿಯನ್ನು ಎಲ್ಲಿ ಇಟ್ಟಿದ್ದರು ಗೊತ್ತೇ? ಸರಿಯಾಗಿ ಊಟಕ್ಕೆ ಮುಂಚೆ. ಹೆಂಗಸರೆಲ್ಲ ಸಭಾಂಗಣದ ಹಿಂಭಾಗದಲ್ಲಿ ಬಿಸಿಬೇಳೆಬಾತಿನ ಟ್ರೇಗಳ ಮುಂದೆ ಸೌಟು ಹಿಡಿದು ನಿಂತಿದ್ದರು. ಎದುರಿಗೆ ಕೂತವರು ಹಸಿದ ಗಂಡಸರು, ಫೋನ್ ನೋಡುವ ಮಕ್ಕಳು. ನಾನು ಆ ಸ್ಟೀಲ್ ನಾರಿನ ಕವಿತೆಯ ಕನ್ನಡ ಓದಿದೆ. ಎದುರಿನಿಂದ ಒಂದು ಕೆಮ್ಮು ಬಂತು, ಅಷ್ಟೇ. ಆದರೆ ಹಿಂದೆ ಸೌಟುಗಳೆಲ್ಲ ನಿಂತಿದ್ದವು. ತಟ್ಟೆ ಹಿಡಿದು ನಿಂತಿದ್ದ ಒಬ್ಬ ಅಂಕಲ್, "ಅಮ್ಮಾ, ಸ್ವಲ್ಪ ಬಡಿಸ್ತೀರಾ?" ಎಂದರು. "ಇರಿ ಅಂಕಲ್, ಮುಗೀಲಿ," ಎಂದಳು ಸೌಟು ಹಿಡಿದ ಹುಡುಗಿ. ನನಗೆ ಎಷ್ಟೋ ಹಾರ ತುರಾಯಿ ಹಾಕಿದ್ದಾರೆ, ಆ ಮಾತಿಗೆ ಸಮವಾದದ್ದು ಯಾವುದೂ ಇಲ್ಲ.

ಕಾಲ ಬದಲಾಯಿತು. ಇಟ್ಟಿಗೆ ದಪ್ಪದ ನಿಘಂಟು ಹೋಗಿ ಕಂಪ್ಯೂಟರ್ ಬಂತು, ಆಮೇಲೆ ಕಂಪ್ಯೂಟರೇ ಅನುವಾದ ಮಾಡತೊಡಗಿತು. ನಾನೇನೂ ಅದನ್ನು ಬೈಯುವವಳಲ್ಲ, ಬೇಜಾರಿನ ಪತ್ರವ್ಯವಹಾರಕ್ಕೆಲ್ಲ ಅದೇ ಆಗಬೇಕು. ಆದರೆ ಹಳೆಯ ಚಾಳಿ ಅದಕ್ಕೂ ಅಂಟಿದೆ. ನೂಲಿನ ಗಿರಣಿಯ ಕಾರ್ಮಿಕರ ಬಗ್ಗೆ ಒಂದು ಕವಿತೆ ಕೊಟ್ಟರೆ ಅಷ್ಟೂ ಜನರನ್ನು ಗಂಡಸರನ್ನಾಗಿ ಮಾಡಿ ಕೂರಿಸಿತು. ಕಡೆಗೆ ಅವರಲ್ಲೊಬ್ಬ 'ಗಂಡಸು' ಬಸುರಾದಾಗಲೂ ಅದಕ್ಕೆ ಯಾವ ಅನುಮಾನವೂ ಬರಲಿಲ್ಲ.

ಆ ಬಸುರಿನ ಕವಿತೆ ಇಲಿಂಕಾಳದು. ನನ್ನ ವೃತ್ತಿಯ ಕೊನೆಯ ಪುಸ್ತಕವೂ ಅವಳದೇ. ಗಿರಣಿ ಊರಿನಲ್ಲಿ ಬೆಳೆದ ಹುಡುಗಿ, ನಲವತ್ತು ದಾಟಿದವಳು, ಮಾತು ಚುರುಕು. "ಮಾರ್ಚ್ ಎಂಟಕ್ಕೆ ಮಹಿಳಾ ದಿನ ಅಂತ ನಮ್ಮಲ್ಲಿ ಹೂ ಕೊಡ್ತಾರೆ. ಒಂಬತ್ತಕ್ಕೆ ಆ ಹೂದಾನೀನೂ ನಾವೇ ತೊಳೀಬೇಕು," ಎನ್ನುತ್ತಿದ್ದಳು. ಆರು ತಿಂಗಳ ಮಟ್ಟಿಗೆ ಆಸ್ಟಿನ್ನಿಗೆ ಬಂದಿದ್ದಳು. ಅವಳ ಅಕ್ಕ ಹೂಸ್ಟನ್ನಿನಲ್ಲಿ. ಅಕ್ಕನ ಮಕ್ಕಳನ್ನು ನೋಡಿಕೊಳ್ಳಲು ಅಮ್ಮ ಅನೂತ್ಸಾ ಬಂದಿದ್ದರು, ಥೇಟ್ ನಮ್ಮ ಅಮ್ಮಂದಿರು ಬರುವ ಹಾಗೆ.

ಪುಸ್ತಕದ ಹೆಸರು 'ಸರತಿ'. ಆ ಹೆಸರಿನ ಕವಿತೆಯೇ ಅದರ ಜೀವ. ಗಿರಣಿಯಲ್ಲಿ ಡಾಕ್ಟರ ಮುಂದೆ ಸರತಿಯಲ್ಲಿ ನಿಂತ ತಾಯಿಯ ಕವಿತೆ.

ಬಿಳಿ ಕೋಟಿನವನು ಕನ್ನಡಕ ಒರೆಸಿಕೊಳ್ಳುತ್ತಾನೆ.
ನೂಲುವ ಯಂತ್ರಗಳು ನಿಂತಿವೆ, ಹೆಂಗಸರು ನಿಂತಿದ್ದಾರೆ.
ಒಬ್ಬೊಬ್ಬಳ ಹೊಟ್ಟೆಯೂ ದೇಶದ ಸ್ವತ್ತು.
ಅಮ್ಮ ನಲ್ಲಿ ತೆರೆದು ಅತ್ತಳು,
ನೀರಿಗೂ ಕೇಳಿಸದ ಹಾಗೆ.

ರೊಮೇನಿಯಾದ ಸಣ್ಣ ಪತ್ರಿಕೆಯೊಂದರಲ್ಲಿ ಇದು ಬಂದಾಗ ಓದಿದವರು ಅತ್ತಿದ್ದರಂತೆ. ಆದರೆ ಅಮ್ಮನಿಗೆ ಇಂಥದ್ದೊಂದು ಕವಿತೆ ಇರುವುದೇ ಗೊತ್ತಿಲ್ಲ. ಗಿರಣಿಯ ಕಥೆಯನ್ನು ಅನೂತ್ಸಾ ಮಗಳಿಗೆ ಹೇಳಿದವರಲ್ಲ. ಚಿಕ್ಕಮ್ಮ ಹೇಳಿದ ಚೂರುಪಾರಿನಿಂದ ಇಲಿಂಕಾ ಕಟ್ಟಿಕೊಂಡದ್ದು. ಈಗ ಪುಸ್ತಕ ಬಿಡುಗಡೆಯ ಓದು ಹೂಸ್ಟನ್ನಿನಲ್ಲೇ, ಅಮ್ಮನ ಚರ್ಚಿನ ಹೆಂಗಸರೂ ಬರುವ ಜಾಗದಲ್ಲಿ. "ಅಮ್ಮ ಒಪ್ಪದೆ ನಾನು ಆ ಕವಿತೇನ ಪುಸ್ತಕಕ್ಕೆ ಹಾಕಿಸಲ್ಲ," ಎಂದು ಇಲಿಂಕಾ ಹಠ ಹಿಡಿದಳು. ಒಪ್ಪಿಗೆ ಕೇಳುವುದಕ್ಕೂ ಧೈರ್ಯವಿಲ್ಲ. ಆಗಿನ ನಮ್ಮ ನಿರ್ದೇಶಕಿ ಕ್ಯಾರಲ್ ನೇರ ಹೆಂಗಸು. "ಸೋಮವಾರ ಪ್ರೆಸ್ಸಿಗೆ ಹೋಗಬೇಕು. ಆ ಕವಿತೆ ಇಲ್ಲದಿದ್ದರೆ ಪುಸ್ತಕಕ್ಕೆ ಹೆಸರೂ ಇಲ್ಲ, ಬೆನ್ನೆಲುಬೂ ಇಲ್ಲ," ಎಂದಳು. ಗರ್ಭಪಾತದ ಮಾತು ಟೆಕ್ಸಸ್ಸಿನಲ್ಲೂ ಕಾವೇರಿದ್ದ ಆ ದಿನಗಳಲ್ಲಿ ಹೂಸ್ಟನ್ನಿನಲ್ಲಿ ಅದನ್ನು ಓದುವುದು ಬೇಡ ಎಂದವರೂ ಇದ್ದರು. ಅವರಿಗೆ ಕ್ಯಾರಲ್ ಕಿವಿಗೊಡಲಿಲ್ಲ.

ಹೂಸ್ಟನ್ನಿನಲ್ಲಿ ನನಗೊಬ್ಬ ಹಳೆಯ ಗೆಳತಿ, ಹುಬ್ಬಳ್ಳಿಯ ಶಾಂತಕ್ಕ, ನಿವೃತ್ತ ಹೆರಿಗೆ ಡಾಕ್ಟರು. ಅವರು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಗ ಫೋನಿನಲ್ಲೇ ಕವಿತೆ ಓದಿ ಹೇಳಿದೆ.

"ಕವಿತಾ ಛಲೋ ಅದರೀ," ಎಂದರು. "ಆದ್ರ ಆ ಅಳೋದು ನಂಗ್ಯಾಕೋ ಖರೇ ಅನಸವಲ್ದು. ನಾ ಜನ್ಮ ಎಲ್ಲಾ ಹೆಂಗಸರ ವಾರ್ಡಿನ್ಯಾಗ ಕಳದೀನಿ. ಒಬ್ಬಾಕಿನ ಇದ್ದಾಗ ಅಳ್ತಾಳ್ರೀ. ಹತ್ತು ಮಂದಿ ಪಾಳಿ ಹಚ್ಚಿ ನಿಂತ್ರ ಅಳಂಗಿಲ್ಲ, ಡಾಕ್ಟರನ್ನ ಆಡಿಕೋತಾರ. ನನ್ನನ್ನೂ ಬಿಟ್ಟಿಲ್ಲ!"

ನಾನು ನಕ್ಕು ಫೋನ್ ಇಟ್ಟೆ. ಆ ಶನಿವಾರ ಇಲಿಂಕಾಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೂಸ್ಟನ್ನಿಗೆ ಹೊರಟೆ. ದಾರಿಯುದ್ದಕ್ಕೂ ಹುಡುಗಿ ಉಗುರು ಕಚ್ಚುತ್ತಿದ್ದಳು. "ಅಮ್ಮ ಬೈದ್ರೆ ಪರವಾಗಿಲ್ಲ. ಏನೂ ಮಾತಾಡ್ದೇ ಹೋಗ್ಬಿಟ್ರೆ?" ಎಂದು ಒಂದೇ ಸಮನೆ ಕೇಳುತ್ತಿದ್ದಳು. ಅವಳಿಗೆ ಪುಸ್ತಕಕ್ಕಿಂತ ಅದೇ ಭಯ. ಆ ಭಯ ನನಗೂ ಅಂಟಿಕೊಂಡಿತು. ಅಮ್ಮ ಮಗಳ ನಡುವೆ ನಾನೇಕೆ ಬಂದೆನೋ ಎನಿಸಿ ಕಸಿವಿಸಿಯಾಯಿತು.

ಅನೂತ್ಸಾ ಕುಳ್ಳಗೆ ಗಟ್ಟಿಯಾಗಿದ್ದ ಹೆಂಗಸು. ಅಡುಗೆಮನೆಯ ಮೇಜಿನ ಮೇಲೆ ಹುಳಿ ಬರಿಸಿದ ಎಲೆಕೋಸಿನ ಎಲೆಗಳನ್ನು ಹರಡಿಕೊಂಡು, ಅಕ್ಕಿ ಮಾಂಸದ ಹೂರಣ ಇಟ್ಟು ಸುತ್ತುತ್ತಿದ್ದರು. ನನಗೋಸ್ಕರ ಮಾಂಸವಿಲ್ಲದ ಒಂದು ಪಾತ್ರೆ ಬೇರೆಯೇ ಇತ್ತು. "ಬನ್ನಿ ಕೂತ್ಕೊಳ್ಳಿ, ಎಷ್ಟು ಸಣ್ಣಗಾಗಿದಾಳೆ ನೋಡಿ ಇವ್ಳು," ಎಂದರು. ಮಾತು ರೊಮೇನಿಯನ್ನಿನದು. ನನ್ನ ಕಿವಿಗೆ ಬಿದ್ದದ್ದು ಮಾತ್ರ ಮೈಸೂರಿನ ನಮ್ಮ ಬೀದಿಯ ಕನ್ನಡವೇ.

ಇಲಿಂಕಾ ನನ್ನ ಮುಖ ನೋಡಿದಳು. ನನ್ನ ಪದ್ಧತಿ ಅವಳಿಗೆ ಗೊತ್ತಿತ್ತು. "ಅಮ್ಮಾ, ನೀನು ಕೆಲ್ಸ ಮಾಡ್ತಿರು. ನಾನೊಂದು ಓದ್ತೀನಿ," ಎಂದು ಶುರು ಮಾಡಿದಳು.

ಕನ್ನಡಕದ ಸಾಲು ಬಂತು. ಕೈ ಓಡುತ್ತಿತ್ತು. ಯಂತ್ರಗಳು ನಿಂತವು, ಹೆಂಗಸರು ನಿಂತರು. ಅನೂತ್ಸಾ ತಲೆಯೆತ್ತದೆ ಇನ್ನೂ ಬೇಗ ಸುತ್ತತೊಡಗಿದರು. ದೇಶದ ಸ್ವತ್ತು ಎಂಬಲ್ಲಿ ಒಂದು ಎಲೆ ಹರಿಯಿತು, ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ತೆಗೆದುಕೊಂಡರು. 'ಅಮ್ಮ ನಲ್ಲಿ ತೆರೆದು ಅತ್ತಳು' ಎಂಬಲ್ಲಿ ಕೈ ನಿಂತಿತು. ಇಲಿಂಕಾಳ ಕಣ್ಣು ಮಿಂಚಿತು. ಗೆದ್ದೆ ಎಂದುಕೊಂಡಳು. ನಾನೂ ಹಾಗೇ ಅಂದುಕೊಂಡೆ.

"ಅತ್ತಿದ್ದು ಯಾರು?" ಎಂದರು ಅನೂತ್ಸಾ.

"ನೀನು. ಚಿಕ್ಕಮ್ಮ ಹೇಳಿದ್ಲು, ನೀನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡೆ ಅಂತ."

"ನಲ್ಲಿ ಬಿಟ್ಟಿದ್ದು ನಿಜ. ನಿನ್ನ ಚಿಕ್ಕಮ್ಮ ಹೊರಗಿದ್ಲು, ಅವ್ಳಿಗೇನು ಗೊತ್ತು?" ಕೈ ಒರೆಸಿಕೊಂಡು ಕುರ್ಚಿ ಎಳೆದುಕೊಂಡರು. "ಆ ಡಾಕ್ಟರಿಗೆ ನಮ್ಮ ಮುಖ ನೋಡೋಕೆ ನಾಚಿಕೆ. ಒಬ್ಬೊಬ್ಬಳು ಹೋದಾಗ್ಲೂ ಹಾ ಅಂತ ಕನ್ನಡಕದ ಮೇಲೆ ಉಸಿರು ಬಿಟ್ಟು ಒರೆಸ್ಕೊಳೋನು. ನನ್ನ ಪಕ್ಕದ ಯಂತ್ರದೋಳು ಬಚ್ಚಲಲ್ಲಿ ಎರಡು ನೂಲಿನ ಉಂಡೆ ಕಣ್ಣಿಗಿಟ್ಕೊಂಡು, ಹಾ ಅಂತ ಉಸಿರು ಬಿಟ್ಟು, 'ಕಾಮ್ರೇಡ್, ಮುಂದಿನವಳು' ಅಂದ್ಲು. ಆರು ಜನ ಇದ್ವಿ. ನಕ್ಕು ನಕ್ಕು ಹೊಟ್ಟೆ ಹಿಡ್ಕೊಂಡ್ವಿ. ಹೊರಗೆ ಸೂಪರ್‌ವೈಸರ್ ಇದ್ದ, ಹೋಗಿ ಚಾಡಿ ಹೇಳೋ ಜಾತಿ. ನಗು ಕೇಳಿಸ್ಬಾರ್ದು ಅಂತ ನಾನು ನಲ್ಲಿ ಬಿಟ್ಟೆ."

ಹೇಳುತ್ತಾ ಹೇಳುತ್ತಾ ಆಕೆಗೆ ಮತ್ತೆ ನಗು ಬಂತು. ನಾನೂ ತಡೆಯಲಾರದೆ ನಕ್ಕುಬಿಟ್ಟೆ. ಇಲಿಂಕಾ ನಗಲಿಲ್ಲ. "ನೀವು ನಕ್ಕಿರಿ ಅಂತ ಬರೆದ್ರೆ, ಓಹೋ ಅಷ್ಟೇನೂ ಕಷ್ಟ ಇರ್ಲಿಲ್ಲ ಅಂತಾರೆ ಅಮ್ಮಾ," ಎಂದಳು.

"ಹಾಗಂತ ಅನ್ನೋರು ಆ ಸರತಿಲಿ ನಿಂತಿರ್ಲಿಲ್ಲ," ಎಂದರು ಅನೂತ್ಸಾ. "ನೋಡು, ನಗು ಹಾಕೋದಾದ್ರೆ ಹಾಕು. ನಾನೂ ಬರ್ತೀನಿ, ಎಲ್ಲರ ಮುಂದೆ ಕೂರ್ತೀನಿ. ಅಳು ಹಾಕೋದಾದ್ರೆ ಅದ್ರಲ್ಲಿರೋ ಅಮ್ಮ ನಾನಲ್ಲ."

ಇಲಿಂಕಾ ಮುಖ ಊದಿಸಿಕೊಂಡು ಹಿತ್ತಲಿಗೆ ಹೋದಳು. ಮಕ್ಕಳ ಪ್ಲಾಸ್ಟಿಕ್ ಜಾರುಬಂಡೆಯ ಮೇಲೆ ಕೂತಿದ್ದಳು. ನಾನು ಹಿಂದೆಯೇ ಹೋದೆ. "ಈ ಕವಿತೆ ಓದಿ ಜನ ಅತ್ತಿದಾರೆ," ಎಂದಳು. "ಆ ಸಾಲು ತೆಗೆದ್ರೆ ಇನ್ನೇನು ಉಳಿಯತ್ತೆ?"

ನನಗೆ ಸಿಟ್ಟು ಬಂತು. ಪ್ರೀತಿ ಇರುವ ಕಡೆ ಬರುವ ಸಿಟ್ಟು. "ಆ ಅಳು ನಿನ್ನ ಬೆಳ್ಳಿ ದಾರ ಕಣೇ," ಎಂದೆ. "ಗಂಡಸರು ಹೆಂಗಸರ ಕವಿತೆಗೆ ಒಡವೆ ಹಾಕಿದ್ರೆ ನೀವೆಲ್ಲ ಹಾರಾಡ್ತೀರಿ. ನಿಮ್ಮಮ್ಮ ಬದುಕಿದಾರೆ, ಎದುರಿಗೇ ಇದಾರೆ, ಇಲ್ಲಿ ತನಕ ನೀನು ಒಂದ್ಸಲನಾದ್ರೂ ಅವರನ್ನ ಕೇಳಿದೀಯಾ?"

ಅವಳು ಎದ್ದು ಒಳಗೆ ಹೋಗಿ, ಕೈ ತೊಳೆದುಕೊಂಡು, ಅಮ್ಮನ ಪಕ್ಕದಲ್ಲಿ ಕೂತು ಒಂದು ಎಲೆ ತೆಗೆದುಕೊಂಡಳು. "ಆ ನೂಲಿನ ಉಂಡೆ ಯಾವ ಬಣ್ಣ ಇತ್ತು?" ಎಂದು ಕೇಳಿದಳು. ಕತ್ತಲಾಗುವವರೆಗೂ ಅಮ್ಮ ಹೇಳಿದರು, ಮಗಳು ಕೇಳಿದಳು. ನಾನು ತಿಂದೆ. ಎಷ್ಟು ತಿಂದೆ ಎಂದು ಕೇಳಬೇಡಿ. ಸೋಮವಾರ ಬೆಳಿಗ್ಗೆ ಕ್ಯಾರಲ್ ಮೇಜಿನ ಮೇಲೆ ಹೊಸ ಸಾಲುಗಳಿದ್ದವು.

ಹೂಸ್ಟನ್ನಿನ ಓದಿಗೆ ಶಾಂತಕ್ಕನೂ ಬಂದಿದ್ದರು. ಅನೂತ್ಸಾ ಹೇಳಿದಂತೆಯೇ ಮುಂದಿನ ಕುರ್ಚಿಯಲ್ಲಿ, ಚರ್ಚಿನ ಗೆಳತಿಯರ ನಡುವೆ ಕೂತಿದ್ದರು. ಇಲಿಂಕಾ ಅಮ್ಮನನ್ನು ಸಭೆಗೆ ಪರಿಚಯಿಸಿ ರೊಮೇನಿಯನ್ನಿನಲ್ಲಿ ಓದಿದಳು, ನಾನು ಇಂಗ್ಲಿಷಿನಲ್ಲಿ.

ಎರಡು ನೀಲಿ ನೂಲಿನ ಉಂಡೆ, ಒಂದು ಉಸಿರು, ಮುಂದಿನವಳು!
ಅಮ್ಮ ನಲ್ಲಿ ತೆರೆದಳು,
ನಗು ಹೊರಗೆ ಕೇಳಿಸದ ಹಾಗೆ.
ಬಿಳಿ ಕೋಟಿನವನಿಗೆ ಇವತ್ತಿಗೂ ಗೊತ್ತಿಲ್ಲ,
ಅಂದು ಪರೀಕ್ಷೆಗೆ ನಿಂತದ್ದು ಯಾರೆಂದು.

ಸಭೆ ಜೋರಾಗಿ ನಕ್ಕಿತು. ನಕ್ಕು ಮುಗಿಸಿದ ಮೇಲೆ ತಾವು ನಕ್ಕದ್ದು ಯಾವುದಕ್ಕೆ ಎಂದು ಹೊಳೆದು ಎಲ್ಲರೂ ಸುಮ್ಮನಾದರು. ನಾನು ಇಳಿದು ಬಂದು ಕೂತಾಗ ಪಕ್ಕದಲ್ಲಿದ್ದ ಶಾಂತಕ್ಕ ನನ್ನ ಮೊಣಕೈ ಹಿಂಡಿದರು. "ಈಗ ಖರೇ ಆತು ನೋಡ್ರಿ."

ಪ್ರಶ್ನೆಗಳ ಹೊತ್ತು ಬಂತು. ಹಿಂದಿನಿಂದ ಒಬ್ಬಳು ಚಿಕ್ಕ ಹುಡುಗಿ, ಕಾಲೇಜಿನವಳಿರಬೇಕು, ಎದ್ದು ನಿಂತು ಅನೂತ್ಸಾರನ್ನೇ ಕೇಳಿದಳು: "ನೀವು ಯಾವತ್ತೂ ಅಳಲೇ ಇಲ್ಲವೇ?" ನಾನು ಮೈಕ್ ಹಿಡಿದು ಹೋಗಿ, ಬಗ್ಗಿ ಅನೂತ್ಸಾರ ಕಿವಿಯಲ್ಲಿ ಅದನ್ನು ರೊಮೇನಿಯನ್ನಿನಲ್ಲಿ ಹೇಳಿದೆ. ಮಡಿಲಲ್ಲಿ ಕರವಸ್ತ್ರ ಮಡಿಸುತ್ತಿದ್ದ ಅವರ ಕೈ ನಿಂತಿತು.

ಆಕೆ ವೇದಿಕೆಯ ಮೇಲಿದ್ದ ಮಗಳನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು. ಇಷ್ಟು ವರ್ಷ ಕಲಿತದ್ದನ್ನೆಲ್ಲ ಒಟ್ಟು ಮಾಡಿಕೊಂಡು, ಒಂದು ಪದವನ್ನೂ ಸೇರಿಸದೆ, ಒಂದು ಪದವನ್ನೂ ಬಿಡದೆ ನಾನದನ್ನು ಮೈಕಿನಲ್ಲಿ ಹೇಳಿದೆ: "ಅತ್ತದ್ದು ಬೇರೆ ದಿನ. ಅದನ್ನು ಯಾರಿಗೂ ಕೊಟ್ಟಿಲ್ಲ, ಅದು ನನ್ನದು."